ಐದು ಊಟ, ಐದು ಸಹಿ

ಐವತ್ತನೇ ವಯಸ್ಸಿನಲ್ಲಿ ಕಾರು ಕಲಿತವಳು ನಾನು. ಕೊಟ್ಟೂರಿನಲ್ಲಿ ನನ್ನದು ರವಿಕೆ ಹೊಲಿಯುವ ಅಂಗಡಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಬಟ್ಟೆ ಅಂಗಡಿಗಳಿಂದ ಹೊಲಿಗೆ ತರುವುದು, ಹೊಲಿದು ಮುಟ್ಟಿಸುವುದು. ಇಪ್ಪತ್ತು ವರ್ಷ ಬಸ್ಸಿನಲ್ಲಿ ಗಂಟು ಹೊತ್ತು ಭುಜ ಬಿದ್ದುಹೋಗಿತ್ತು. ಒಂದು ದಿನ ಯಜಮಾನರಿಗೆ, "ನನಗ ಕಾರು ಬೇಕು" ಅಂದೆ.

"ಸೈಕಲ್ ಹೊಡಿಯಾಕ ಬರಲ್ಲ, ಕಾರಂತ ಕಾರು!" ಅಂತ ನಕ್ಕರು.

"ಸೈಕಲ್ಲಿಗೆ ಎರಡ ಗಾಲಿ, ಬೀಳ್ತೈತಿ. ಕಾರಿಗೆ ನಾಕು ಅದಾವ, ಬೀಳಂಗಿಲ್ಲ" ಅಂದೆ.

ಬೀಳಲಿಲ್ಲ, ನಿಂತಿತು. ಬಿಳಿಯ ಹೊಸ ಕಾರು, ಮನೆಗೆ ಬಂದು ತಿಂಗಳೂ ತುಂಬಿರಲಿಲ್ಲ. ಹಡಗಲಿ ರಸ್ತೆಯಲ್ಲಿ ದಿನ್ನೆ ಹತ್ತುವಾಗ ಎಂಜಿನ್ ಸದ್ದಿಲ್ಲದೆ ಬಂದ್ ಬಿತ್ತು. ಹಿಂದೆ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು, "ಏ ಯವ್ವಾ, ಸೀರಿ ಒಣಗಾಕ ಹಾಕೀಯೇನು ನಡು ದಾರ್ಯಾಗ?" ಅಂದ. ನನಗೆ ಮೈಯೆಲ್ಲ ಉರಿಯಿತು. ಅರ್ಧ ಗಂಟೆ ಕಳೆದು ಕೀಲಿ ತಿರುವಿದರೆ ಏನೂ ಆಗದಂತೆ ಸ್ಟಾರ್ಟ್ ಆಯಿತು, ಕಳ್ಳ ಮುಂಡೇದು. ಆಮೇಲೆ ಅದೇ ಚಾಳಿ. ಕೂಡ್ಲಿಗಿ ರಸ್ತೆಯಲ್ಲೊಮ್ಮೆ, ಹರಪನಹಳ್ಳಿಯ ಹತ್ತಿರ ಒಮ್ಮೆ, ಎಲ್ಲಿ ಏರು ಬಂದರೆ ಅಲ್ಲಿ.

ಪ್ರತಿ ಸಲವೂ ಶೋರೂಮಿನಿಂದ ಅದೇ ಒಬ್ಬ ಮೆಕ್ಯಾನಿಕ್ ಮನೆಗೆ ಬರುತ್ತಿದ್ದ. ನಲವತ್ತರ ಆಸುಪಾಸಿನ, ಎರಡು ಹೆಣ್ಣುಮಕ್ಕಳ ತಂದೆ, ಮಾತು ಕಡಿಮೆ. ಬಾನೆಟ್ ಎತ್ತಿ ಎರಡು ತಾಸು ಬಗ್ಗಿ ನಿಲ್ಲುತ್ತಿದ್ದ. ಅಷ್ಟು ದೂರದಿಂದ ಬಂದು ಬಿಸಿಲಲ್ಲಿ ದುಡಿದವನನ್ನು ಹಾಗೇ ಕಳಿಸುವುದು ನಮ್ಮ ಕಡೆ ಉಂಟೇ? "ಕೈ ತೊಳಕೊ ತಮ್ಮಾ, ಉಂಡು ಹೋಗು" ಅನ್ನುತ್ತಿದ್ದೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಉಂಡಾದ ಮೇಲೆ ಜೇಬಿನಿಂದ ಒಂದು ಕಾಗದ ತೆಗೆಯುತ್ತಿದ್ದ. 'ದೋಷ ಸರಿಯಾಗಿದೆ, ಕೆಲಸ ತೃಪ್ತಿಕರವಾಗಿದೆ' ಎಂದು ಅಚ್ಚಾದ ಕಾಗದ. "ಸಹಿ ಇಲ್ಲಂದ್ರ ಮ್ಯಾನೇಜರು ನನ್ನ ಮ್ಯಾಲೆ ಏರಿ ಬರ್ತಾನ್ರಿ ಅಕ್ಕಾರ" ಅನ್ನುತ್ತಿದ್ದ, ನೆಲ ನೋಡುತ್ತ. ನಮ್ಮ ಮನೆಯಲ್ಲಿ ಉಂಡವನಿಗೆ ನಿನ್ನ ಕೆಲಸ ಸರಿಯಿಲ್ಲ ಅಂತ ಹೇಗೆ ಬರೆದುಕೊಡಲಿ? ಸಹಿ ಹಾಕಿದೆ. ಐದು ಊಟಕ್ಕೆ ಐದು ಸಹಿ.

ಆರನೆಯ ಸಲ ಕಾರು ನಿಂತದ್ದು ನಮ್ಮೂರ ರೈಲ್ವೆ ಗೇಟಿನ ಹಳಿಗಳ ಮೇಲೆ. ಗೇಟ್ ಕಾಯುವವನೂ ನಾಲ್ಕು ಜನರೂ ನೂಕಿ ದಾಟಿಸಿದರು. ಇನ್ನು ರಿಪೇರಿ ಬೇಡ, ಬೇರೆ ಕಾರೇ ಕೊಡಲಿ ಅಂತ ನಿರ್ಧರಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. ವಕೀಲರನ್ನು ಇಡಲಿಲ್ಲ. ನನ್ನ ಬಾಯಿಯೇ ಸಾಕು ಅಂದುಕೊಂಡಿದ್ದೆ.

ವಿಚಾರಣೆಯ ದಿನ ಶೋರೂಮಿನ ವಕೀಲರು ಎದ್ದು ನಿಂತು ಆ ಐದು ಕಾಗದಗಳನ್ನು ಮೇಜಿನ ಮೇಲೆ ಇಸ್ಪೀಟು ಎಲೆಯ ಹಾಗೆ ಹರಡಿದರು. "ಐದು ಸಲ ತೃಪ್ತಿ ಅಂದವರು ಈಗ ಸುಳ್ಳು ಹೇಳುತ್ತಿದ್ದಾರೆ" ಅಂದರು. ಸುಳ್ಳಿ ಅಂತ ನನ್ನನ್ನು ಈವರೆಗೆ ಯಾರೂ ಅಂದಿರಲಿಲ್ಲ. ಯಾಕೆ ಸಹಿ ಹಾಕಿದಿರಿ ಎಂದು ಆಯೋಗದ ಅಧ್ಯಕ್ಷರು ಕೇಳಿದರು.

"ಉಂಡು ಕೈ ತೊಳಕೊಂಡ ಮನುಷ್ಯಾಗ ಇಲ್ಲ ಅನ್ನಾಕ ಬಾಯಿ ಬರಲಿಲ್ರಿ ಸಾಹೇಬ್ರ" ಅಂದೆ.

ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು, ಆದರೆ ಕಾಗದ ಕಾಗದವೇ ಅಂದರು. ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರೊಬ್ಬರು ಕಾರನ್ನು ಪರೀಕ್ಷಿಸಲಿ, ದೋಷ ಕಂಡರೆ ಸರಿ, ಕಾಣದಿದ್ದರೆ ದೂರು ವಜಾ ಎಂದು ತೀರ್ಮಾನವಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಬಸ್ಸಿನಲ್ಲಿ ಬೈದುಕೊಳ್ಳುತ್ತ ಬಂದೆ.

ಪರೀಕ್ಷೆಯ ದಿನ ಬೆಳಿಗ್ಗೆ ಉಪನ್ಯಾಸಕರು ಬಂದರು. ಶೋರೂಮಿನ ಪರವಾಗಿ ಬಂದವನು ಅದೇ ಮೆಕ್ಯಾನಿಕ್. ಉಪನ್ಯಾಸಕರು ಉಪ್ಪಿಟ್ಟು ತಿಂದರು. ಇವನಿಗೆ ರೊಟ್ಟಿ ಹಾಕಲು ಹೋದರೆ, "ಒಲ್ರಿ" ಅಂತ ಅಂಗಳದಲ್ಲೇ ನಿಂತ. ನೀರೂ ಮುಟ್ಟಲಿಲ್ಲ. ಓಹೋ, ಇವನು ಆ ಕಡೆಯವನಾದ ಅಂದುಕೊಂಡೆ.

ಕೂಡ್ಲಿಗಿ ರಸ್ತೆಗೆ ಹೊರಟೆವು. ಓಡಿಸುವವಳು ನಾನು, ಪಕ್ಕದಲ್ಲಿ ಉಪನ್ಯಾಸಕರು, ಹಿಂದೆ ಅವನು. ಉಪನ್ಯಾಸಕರಿಗೆ ಗಾಳಿ ಬೇಕಂತೆ, ಕಿಟಕಿಗಳನ್ನು ಇಳಿಸಲು ಹೇಳಿದರು. ಆ ದರಿದ್ರ ಕಾರು ಅವತ್ತು ದಿನ್ನೆಯನ್ನು ಕುದುರೆಯ ಹಾಗೆ ಹತ್ತಿತು. ಇಳಿಸಿ ಮತ್ತೆ ಹತ್ತಿಸಿದೆ, ಏನೂ ಇಲ್ಲ. ವರ್ಷವಿಡೀ ನಿಲ್ಲಬೇಡವೋ ಅಂತ ಹರಕೆ ಹೊತ್ತವಳು, ನಿಲ್ಲೋ ನಿನ್ನ ಮನಿ ಹಾಳಾಗ ಅಂತ ಸ್ಟೇರಿಂಗಿನ ಮುಂದೆ ಬೇಡಿಕೊಂಡೆ. ಉಪನ್ಯಾಸಕರು, "ದೋಷ ಕಾಣ್ತಿಲ್ಲ ಮೇಡಂ" ಅಂತ ಪೆನ್ನು ತೆಗೆದರು.

ಹಿಂದಿನಿಂದ ಅವನು ಬಾಯಿಬಿಟ್ಟ. "ಸರ್, ಕಿಟಕಿ ಮುಚ್ಚಿ ಎಸಿ ಹಾಕ್ರಿ. ಅದ ದಿನ್ನಿ ಇನ್ನೊಮ್ಮಿ ಹತ್ತಸ್ರಿ."

ಬಟ್ಟೆಗೆ ಧೂಳು ಕೂರುತ್ತದೆ ಅಂತ ನಾನು ಯಾವಾಗಲೂ ಎಸಿ ಹಾಕಿಯೇ ಓಡಿಸುತ್ತಿದ್ದೆ. ಅದಕ್ಕೂ ಇದಕ್ಕೂ ನಂಟಿದೆ ಅಂತ ನನಗೇನು ಗೊತ್ತು? ಎಸಿ ಹಾಕಿ ಏರಿಗೆ ಬಿಟ್ಟೆ. ಅರ್ಧ ದಿನ್ನೆಗೆ ಎಂಜಿನ್ ಕೆಮ್ಮಿ ಸುಮ್ಮನಾಯಿತು. "ನಿಂತು! ನಿಂತೇ ಬಿಡ್ತು!" ಅಂತ ಚಪ್ಪಾಳೆ ತಟ್ಟಿ ಕಿರುಚಿದೆ.

"ಐದು ಸಲಾನೂ ಹಿಂಗ ನಿಂತೈತ್ರಿ ಸರ್" ಅಂದ ಅವನು. "ಸರಿ ಆಗಿಲ್ಲಂತ ಶೋರೂಮ್ನಾಗ ಹೇಳೀನಿ. ಸಹಿ ತಗೊಂಡು ಬಾ ಅಂದ್ರು, ತಗೊಂಡು ಹೋದೆ. ಅಕ್ಕಾರದು ಸುಳ್ಳಲ್ಲ. ಬರಕೊಳ್ರಿ." ಉಪನ್ಯಾಸಕರು ಬರೆದುಕೊಂಡರು. ಅವನು ಅದರ ಕೆಳಗೆ ತನ್ನ ಸಹಿ ಹಾಕಿದ.

ಆಯೋಗದ ಆದೇಶ ಬಂದು, ಈಗ ನಾನು ಓಡಿಸುತ್ತಿರುವುದು ಅವರು ಬದಲಿಗೆ ಕೊಟ್ಟ ಕಾರು. ಏರಿಗೂ ಇಳಿಜಾರಿಗೂ ಒಂದೇ ಸಮ ಓಡುತ್ತದೆ. ಅವನ ನೌಕರಿಯೂ ಉಳಿಯಿತು, ಬೈಗುಳ ಮಾತ್ರ ಹೊಟ್ಟೆ ತುಂಬ ತಿಂದನಂತೆ. ಆದರೆ ಅವತ್ತು ಮಧ್ಯಾಹ್ನ ಇದ್ಯಾವುದೂ ಗೊತ್ತಿರಲಿಲ್ಲ. ಉಪನ್ಯಾಸಕರನ್ನು ಬಸ್ಸು ಹತ್ತಿಸಿ ಮನೆಗೆ ಬಂದರೆ ಅವನು ಅಂಗಳದಲ್ಲಿ ತನ್ನ ಚೀಲ ಕಟ್ಟುತ್ತಿದ್ದ.

"ಅಲ್ಲೋ ತಮ್ಮಾ, ಇಷ್ಟೆಲ್ಲ ಮನಸಿನಾಗ ಇಟ್ಕೊಂಡು ಮುಂಜಾನಿ ಒಂದು ತುತ್ತು ಉಣ್ಣಬಾರದಾಗಿತ್ತಾ?" ಅಂದೆ.

"ಉಂಡು ಹೇಳಿದ್ರ ರೊಟ್ಟಿ ಋಣಕ್ಕ ಹೇಳ್ಯಾನ ಅಂತ ವಕೀಲ್ರು ಅಂತಿದ್ರು ಅಕ್ಕಾರ, ನಿಮ್ಮ ಕೇಸು ಕೆಡ್ತಿತ್ತು" ಅಂತ ಚೀಲ ಕೆಳಗಿಟ್ಟ. "ಈಗ ಹಾಕ್ರಿ. ರಾತ್ರಿಯಿಂದ ಉಂಡಿಲ್ಲ."