ಕಾಶೀಬಾಯಿಯ ನಾಲ್ಕು ವರ್ಷ

ಆ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಕಾಶೀಬಾಯಿಯ ನಾಲ್ಕು ವರ್ಷಗಳನ್ನು ಕದ್ದೆ. ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ — ಸುಳ್ಳು ಹೇಳುವಾಗ ಮ್ಯಾನೇಜರರ ಮುಖ ನೋಡಲಾಗದೆ ಅವರ ತಲೆಯ ಮೇಲಿದ್ದ ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆ.

ಹೈದರಾಬಾದಿನ ನಾಚಾರಂನ ಒಂದು ಸಣ್ಣ ಕಾರ್ಖಾನೆ ನಮ್ಮದು. ಟೆಲಿಫೋನಿಗೆ ಬೇಕಾದ ಸರ್ಕ್ಯೂಟ್ ಬೋರ್ಡ್ ಮಾಡುತ್ತಿದ್ದೆವು. ತಪಾಸಣೆ ಕೋಣೆಯಲ್ಲಿ ಇದ್ದವರು ಇಬ್ಬರೇ — ಕಾಶೀಬಾಯಿ ಮತ್ತು ನಾನು. ನಾನು ದಾವಣಗೆರೆಯಲ್ಲಿ ಬಿಎಸ್ಸಿ ಮುಗಿಸಿ ಬಂದವಳು. ಅವಳು ಲಿಂಗಸುಗೂರು ಕಡೆಯವಳು. ಗಾರೆ ಕೆಲಸದ ಗಂಡನ ಜೊತೆ ಹೈದರಾಬಾದಿಗೆ ಬಂದು, ಬೆಸುಗೆ ಹಾಕುವ ಸಾಲಿನಲ್ಲಿ ಟ್ರೈನಿಯಾಗಿ ಸೇರಿ, ಕಣ್ಣಿನ ಚುರುಕಿನಿಂದಲೇ ತಪಾಸಣೆಗೆ ಏರಿದವಳು. ಭೂತಗನ್ನಡಿಯಲ್ಲಿ ನನಗೆ ಕಾಣದ ಬಿರುಕು ಅವಳ ಬರಿಗಣ್ಣಿಗೆ ಕಾಣುತ್ತಿತ್ತು. "ಬಿಎಸ್ಸಿ ಓದಿದ್ರ ಕಣ್ಣು ಸವೀತಾವೇನು ತಂಗಿ?" ಎಂದು ಬೋರ್ಡನ್ನು ನನ್ನ ಕಡೆ ವಾಪಸು ತಳ್ಳುತ್ತಿದ್ದಳು. ಇಡೀ ಕಾರ್ಖಾನೆಯಲ್ಲಿ ಕನ್ನಡ ಮಾತಾಡಲು ನನಗಿದ್ದವಳು ಅವಳೊಬ್ಬಳೇ.

ಊರಿನ ಇನ್ನೊಂದು ಅಂಚಿನ ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ನಮ್ಮ ಮಾಲೀಕರ ಮನಸ್ಸೂ ಆ ಕಡೆ ವಾಲಿತು. ನಾಚಾರಂ ಘಟಕ ಮುಚ್ಚಿ ಅಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಹೊಸ ಕಂಪನಿ ತೆರೆಯುವುದೆಂದಾಯಿತು. ನೋಟೀಸಿನಲ್ಲಿ ಎರಡು ದಾರಿ ಬರೆದಿದ್ದರು. ಸ್ವಂತ ಇಚ್ಛೆಯಿಂದ ಬಿಡುತ್ತೇನೆಂದು ಸಹಿ ಹಾಕಿ ಪರಿಹಾರ ತೆಗೆದುಕೊಂಡು ಹೋಗಬಹುದು. ಇಲ್ಲವೇ ಅಲ್ಲಿಗೆ ಸಾಗಿಸುವ ಕೆಲವೇ ಹುದ್ದೆಗಳಿಗೆ ಹಕ್ಕು ಹೇಳಬಹುದು. ಹಕ್ಕಿಗೆ ಒಂದೇ ಅಳತೆ — ಕೊನೆಗೆ ಸೇರಿದವರು ಮೊದಲು ಹೋಗಬೇಕು. ಹಿರಿತನದ ಪಟ್ಟಿ ಏಳು ದಿನ ನೋಟೀಸ್ ಬೋರ್ಡಿನ ಮೇಲಿರಬೇಕು, ತಕರಾರಿದ್ದವರು ಅಷ್ಟರೊಳಗೆ ಹೇಳಬೇಕು. ತಪಾಸಣೆಗೆ ಇದ್ದದ್ದು ಒಂದೇ ಹುದ್ದೆ.

ಪಟ್ಟಿ ಟೈಪ್ ಮಾಡಬೇಕಿದ್ದ ಗುಮಾಸ್ತ ಆಗಲೇ ಯಾವುದೋ ಕಾಲ್ ಸೆಂಟರಿಗೆ ಹಾರಿದ್ದ. ಇಂಗ್ಲಿಷ್ ಬರುತ್ತದೆಂದು ಆ ಕೆಲಸ ನನ್ನ ಪಾಲಿಗೆ ಬಂತು. ದಾಖಲೆ ಕೋಣೆಯ ಬೀರುವಿನಲ್ಲಿ ಎರಡು ಪುಸ್ತಕಗಳಿದ್ದವು. ಒಂದು ಖಾಯಂ ನೌಕರರದು. ಪದವಿಯಿದ್ದ ನನ್ನನ್ನು ಬಂದ ದಿನವೇ ಖಾಯಂ ಮಾಡಿದ್ದರಿಂದ, ಅದರ ಪ್ರಕಾರ ನಾನು ಅವಳಿಗಿಂತ ಎರಡು ವರ್ಷ ಹಿರಿಯಳು. ಇನ್ನೊಂದು ಟ್ರೈನಿಗಳ ಹಳೆಯ ಮಸ್ಟರ್, ದಿನದಿನದ ಹಾಜರಿ ಪುಸ್ತಕ. ಕಾಶೀಬಾಯಿ ಖಾಯಂ ಆಗುವುದಕ್ಕೆ ಮೊದಲು ದುಡಿದ ನಾಲ್ಕು ವರ್ಷ ಅದರಲ್ಲಿತ್ತು. ಮೊದಮೊದಲ ಪುಟಗಳಲ್ಲಿ ಹೆಬ್ಬೆಟ್ಟು. ಎರಡನೆಯ ವರ್ಷದ ನಡುವೆ ಎಲ್ಲೋ ಹೆಬ್ಬೆಟ್ಟು ನಿಂತು, ಸೊಟ್ಟ ಕನ್ನಡ ಅಕ್ಷರಗಳಲ್ಲಿ 'ಕಾಶಿ' ಎಂಬ ಸಹಿ. ನಿಯಮದಂತೆ ಅದನ್ನೂ ಎಣಿಸಿದರೆ ಅವಳೇ ನನಗಿಂತ ಎರಡು ವರ್ಷ ಹಿರಿಯಳು. ಹುದ್ದೆ ಅವಳದು.

ಮ್ಯಾನೇಜರರು ಕರೆದು ಕೇಳಿದರು, "ಚೂಡಮ್ಮಾ, ಆ ಪಾತ ಮಸ್ಟರ್ ಉಂದಾ, ಚೆದ ಪಟ್ಟಿ ಪೋಯಿಂದಾ?" — ಆ ಹಳೆಯ ಮಸ್ಟರ್ ಇದೆಯೋ, ಗೆದ್ದಲು ಹಿಡಿದು ಹೋಯಿತೋ? ಅಷ್ಟೇ. ಬೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಇಂಗ್ಲಿಷ್ ಬಲ್ಲವಳೇ ಅವರಿಗೆ ಬೇಕಾಗಿದ್ದಳು ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ —

"ಪೋಯಿಂದಿ ಸಾರ್," ಎಂದೆ. ಹೋಯಿತು ಸರ್.

ಗೆದ್ದಲು ಒಂದು ಪುಟವನ್ನೂ ಮುಟ್ಟಿರಲಿಲ್ಲ.

ಮಸ್ಟರನ್ನು ಬೀರುವಿನಲ್ಲೇ ಬಿಡಲು ಭಯವಾಯಿತು. ಬುಧವಾರ ಪಟ್ಟಿ ಅಂಟಿಸಿದ ಮೇಲೆ ಅದನ್ನು ನನ್ನ ಊಟದ ಚೀಲಕ್ಕೆ ಹಾಕಿ, ಮೇಲೆ ಡಬ್ಬಿ ಇಟ್ಟು, ಸಂಜೆ ಒಯ್ದರಾಯಿತೆಂದು ಮೇಜಿನಡಿಗೆ ತಳ್ಳಿದ್ದೆ. ಮಧ್ಯಾಹ್ನ ಕಾಶೀಬಾಯಿ ದಾಖಲೆ ಕೋಣೆಗೆ ಬಂದು ಎದುರಿಗೆ ಕುಳಿತಳು. ಕಾಲು ಚಾಚಲು ಜಾಗ ಸಾಲದೆ ಪಾದದಿಂದ ಚೀಲವನ್ನು ಸರಿಸಲು ನೋಡಿದಳು. ಅದು ಅಲುಗಲಿಲ್ಲ.

"ಏನ್ ತುಂಬೀದಿ ತಂಗಿ ಇದ್ರಾಗ? ಕಲ್ಲು ಇದ್ದಂಗ ಐತಿ."

"ಡಬ್ಬಿ ಅಕ್ಕ."

"ಇಷ್ಟು ಉಣ್ಣಾಕಿ ಹಿಂಗ್ಯಾಕ ಕಡ್ಡಿ ಆಗೀದಿ?"

ನಗುತ್ತಲೇ ಬಗ್ಗಿ ಕೈ ಹಾಕಿದಳು, ಎತ್ತಿ ಪಕ್ಕಕ್ಕಿಡಲು. ಚೀಲದ ಬಾಯಿ ಅರ್ಧ ತೆರೆದಿತ್ತು. ಡಬ್ಬಿಯ ಅಂಚಿನಲ್ಲಿ ಮಸ್ಟರಿನ ಕೆಂಪು ಬಟ್ಟೆಯ ರಟ್ಟು —

ಆ ಕ್ಷಣವನ್ನು ನಾನು ಇಂದಿಗೂ ದಾಟಿಲ್ಲ. ಕೆಲವು ಸಲ ಅವಳು ನೋಡಿಬಿಡುತ್ತಾಳೆ. ಕೆಲವು ಸಲ ನಾನೇ ತೆಗೆದು ಅವಳ ಕೈಗೆ ಕೊಡುತ್ತೇನೆ. ನಿಜವಾಗಿ ಆದದ್ದು ಇಷ್ಟೇ: ಚೀಲವನ್ನು ಕಾಲಿನಿಂದ ನನ್ನತ್ತ ಎಳೆದುಕೊಂಡು, "ಬಿಡು ಅಕ್ಕ, ಸಾರು ಚೆಲ್ಲುತ್ತೆ" ಎಂದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ನನ್ನ ಲೆಕ್ಕದಾಗ ನಾ ನಿನಗಿಂತ ಮೊದ್ಲ ಬಂದಾಕಿ," ಎಂದಳು ಆಮೇಲೆ. "ಮಗಳಿಗೆ ಮೂರು ತಿಂಗ್ಳು ಇದ್ದಾಗ ಸೇರೀನಿ. ನಮ್ಮ ಮನಿಯಾಂವ ಅಲ್ಲ ಅಂತಾನ. ಮಗ ಹುಟ್ಟಿದ ಮ್ಯಾಲ ಸೇರೀದಿ, ನಿನಗೇನ್ ನೆನಪಿರತೈತಿ ಅಂತಾನ. ನನ್ನ ಜೋಡಿ ಸೇರಿದವ್ರು ಯಾರೂ ಉಳದಿಲ್ಲ ಇಲ್ಲಿ, ಕೇಳೂಣಂದ್ರ. ನೀ ಓದಿದಾಕಿ, ನೀ ಹೇಳು. ಲೇಬರ್ ಆಫೀಸಿಗೆ ಹೋಗ್ಲೇನು?"

ಹೋಗಿದ್ದರೆ ಪುಸ್ತಕ ತಂದು ತೋರಿಸಬೇಕಾದವರು ಕಂಪನಿಯವರು, ಅವಳಲ್ಲ. ಪಟ್ಟಿ ಮಾಡುವಾಗ ನಿಯಮಗಳನ್ನು ನಾನು ಓದಿದ್ದೆ.

"ಕಾಗದ ಇಲ್ಲದೆ ಹೋದ್ರೆ ಸಿಗೋದೂ ಸಿಗಲ್ಲ ಅಕ್ಕ," ಎಂದೆ. "ನಿಮ್ಮ ಯಜಮಾನ್ರು ಹೇಳೋದೇ ಸರಿ ಇರ್ಬೇಕು."

ಆ ಎರಡನೆಯ ಮಾತನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ಮ್ಯಾನೇಜರರೂ ಕೇಳಿರಲಿಲ್ಲ.

ಏಳು ದಿನ ತುಂಬುವ ಮೊದಲೇ, ಶುಕ್ರವಾರ, ಸ್ವಂತ ಇಚ್ಛೆಯಿಂದ ಬಿಡುವ ಕಾಗದಕ್ಕೆ ಅವಳು ಸಹಿ ಹಾಕಿದಳು. ಹೋಗುವಾಗ ತನ್ನ ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ನನ್ನ ಮೇಜಿನ ಮೇಲಿಟ್ಟಳು. ಮಸ್ಟರನ್ನು ನಾನು ಮನೆಯಲ್ಲಿ ಬಕೆಟ್ ನೀರಿನಲ್ಲಿ ನೆನೆಹಾಕಿ, ಮುದ್ದೆಯಾದ ಮೇಲೆ ಕಸಕ್ಕೆ ಸುರಿದೆ. ಸುಡುವಷ್ಟು ಧೈರ್ಯವೂ ಇರಲಿಲ್ಲ.

ನನಗೆ ತಕ್ಕ ಶಾಸ್ತಿಯಾಯಿತು ಎಂದು ಹೇಳಿದರೆ ನಿಮಗೆ ಸಮಾಧಾನವಾಗಬಹುದು. ಆಗಲಿಲ್ಲ. ಗಚ್ಚಿಬೌಲಿಯ ಕಂಪನಿ ಬೆಳೆಯಿತು, ನಾನೂ ಬೆಳೆದೆ. ಮನೆ ಬಾಗಿಲಿಗೆ ಕ್ಯಾಬ್ ಬಂತು. ನಿದ್ದೆ ಮಾತ್ರ ತುಂಡುತುಂಡಾಯಿತು — ಚೀಲದ ಕಡೆ ಒಂದು ಕೈ ಚಾಚುತ್ತದೆ, ಎಚ್ಚರವಾಗುತ್ತದೆ. ಹತ್ತು ವರ್ಷ ಹೀಗೆ. ಇದನ್ನೇ ಪಶ್ಚಾತ್ತಾಪ ಎಂದುಕೊಂಡಿದ್ದೆ. ಅಲ್ಲ, ಅದು ಸಿಕ್ಕಿಬೀಳುವ ಭಯ.

ಕೊನೆಗೆ ಹುಡುಕಿಕೊಂಡು ಹೋದೆ. ಕುಷಾಯಿಗೂಡದ ಒಂದು ಲೇಡೀಸ್ ಹಾಸ್ಟೆಲಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಮಸ್ಟರ್, ಚೀಲ, ಬಕೆಟ್ — ಎಲ್ಲ. ಅವಳು ಲಟ್ಟಣಿಗೆ ಕೆಳಗಿಟ್ಟಳು.

"ಕೆಲಸ ಹೋತು, ಹೋಗ್ಲಿ," ಎಂದಳು. "ದುಡಿಯಾಕಿಗೆ ಇನ್ನೊಂದು ಸಿಗತೈತಿ. ಆದ್ರ ಅವತ್ತಿನಿಂದ ನಮ್ಮ ಮನ್ಯಾಗ ನಾ ಏನ್ ಹೇಳಿದ್ರೂ ನಗ್ತಾರ ತಂಗಿ. ರೇಷನ್ ಕಾರ್ಡು ಇಂಥಲ್ಲಿ ಐತಿ ಅಂದ್ರ ನಗ್ತಾರ. ತಾನು ಕೆಲಸಕ್ಕ ಸೇರಿದ ವರ್ಷಾನ ನೆನಪಿಲ್ಲದಾಕಿ, ಇಕಿ ಮಾತು ಏನ್ ಕೇಳ್ತೀರಿ ಅಂತ. ನಾನೂ ಹೌದು ಅಂದ್ಕೊಂಡೆ. ಮಗಳ ಲಗ್ನದ ಮಾತು ನಡೆದಾಗ ಆ ಹುಡುಗ ಬ್ಯಾಡ ಅನ್ನೂದಿತ್ತು ನನಗ. ಬಾಯಿ ಬಿಡ್ಲಿಲ್ಲ. ನನಗೇನ್ ತಿಳೀತೈತಿ ಅಂತ."

ನಾನು ಕದ್ದದ್ದು ಒಂದು ಹುದ್ದೆ ಎಂದು ಹತ್ತು ವರ್ಷ ಅಂದುಕೊಂಡಿದ್ದೆ.

"ಏನು ಮಾಡಲಿ ಅಕ್ಕ?"

"ಐತ್ವಾರ ಮನಿಗೆ ಬಾ. ಇದನ್ನ ಅವ್ರ ಎದುರು ಹೇಳು. ಕುಂತು ಅಲ್ಲ, ನಿಂತು."

ಭಾನುವಾರ ಹೋದೆ. ಗಂಡ, ಮಗ, ಮಗಳು — ಮೂವರೂ ಇದ್ದರು. ನಿಂತೇ ಹೇಳಿದೆ. ಗಂಡನಿಗೆ ಮುಜುಗರವಾಗಿ, "ಇರ್ಲಿ ಬಿಡ್ರಿ ಮೇಡಂ, ಹಳೇ ಮಾತು," ಎಂದ.

"ನೀ ಸುಮ್ನಿರು," ಎಂದಳು ಕಾಶೀಬಾಯಿ. ನನ್ನ ಕಡೆ ತಿರುಗಿದಳು. "ಇನ್ನೊಮ್ಮೆ ಹೇಳು. ಯಾರು ಮೊದ್ಲ ಸೇರಿದ್ರು?"

"ನೀನು ಅಕ್ಕ. ಎರಡು ವರ್ಷ ಮೊದಲು."

ಯಾರೂ ನಗಲಿಲ್ಲ. ಮಗಳು ತಾಯಿಯನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ನನಗೆ ಯಾರೂ ನೀರು ಕೊಡಲಿಲ್ಲ, ಕೂಡ್ರಿ ಎನ್ನಲಿಲ್ಲ, ಕಾಶೀಬಾಯಿ ಬಾಗಿಲವರೆಗೆ ಬರಲಿಲ್ಲ. ಕ್ಷಮೆಯನ್ನು ನಾನು ಕೇಳಲಿಲ್ಲ. ಕೇಳಿದ್ದರೆ ಅದೂ ಅವಳಿಂದ ಇನ್ನೊಂದನ್ನು ಕಿತ್ತುಕೊಂಡಂತೆ ಆಗುತ್ತಿತ್ತು.

ಆ ಭಾನುವಾರ ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಬೆಳಿಗ್ಗೆಯೇ. ಆ ನಿದ್ದೆ ನನಗೆ ಸಲ್ಲಬೇಕಾದದ್ದಲ್ಲ. ಅದನ್ನೂ ತೆಗೆದುಕೊಂಡೆ.