ಹೊರಟವರಿಗೊಂದು ವಿಶೇಷಣ

ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳ ತೆರೆದಾಗ ಬರುವ ಮೇಣದ ವಾಸನೆಗೆ ನಿಮಗೆ ಶಾಲೆ ನೆನಪಾಗಬಹುದು. ನನಗೆ ನೆನಪಾಗುವುದು ಎಂಬತ್ತರ ದಶಕದ ನೈರೋಬಿಯಲ್ಲಿದ್ದ ನಮ್ಮ ಮನೆಯ ಊಟದ ಮೇಜು. ಅದರ ಮೇಲೆ ಹಳೆಯ ಪತ್ರಿಕೆ ಹಾಸಿ, ಅಂಗಿಯ ತೋಳು ಮಡಚಿ, ಕಿಸಿ ಕಲ್ಲಿನ ತಟ್ಟೆಗೆ ಬಣ್ಣವಿಲ್ಲದ ಪಾಲಿಶ್ ತಿಕ್ಕುತ್ತಿದ್ದ ಲೋಬೋ ಅಂಕಲ್. ಕಿಸಿ ಕಲ್ಲೆಂದರೆ ಆ ದೇಶದ ಬಳಪದ ಕಲ್ಲು. ಮುಟ್ಟಿದರೆ ಸೋಪಿನಂತೆ ನುಣುಪು, ಬಿದ್ದರೆ ಎರಡು ಹೋಳು. ನಮ್ಮ ಕನ್ನಡದವರ ಗುಂಪಿನಲ್ಲಿ ಯಾರಾದರೂ ದೇಶ ಬಿಟ್ಟು ಹೊರಟರೆ ಅವರಿಗೆ ಅಂಥದೊಂದು ತಟ್ಟೆ, ತಟ್ಟೆಯ ನಡುವೆ ಅವರ ಹೆಸರು, ಹೆಸರಿನ ಕೆಳಗೆ ಅವರ ಗುಣವನ್ನೆಲ್ಲ ಹಿಂಡಿ ತೆಗೆದ ಒಂದೇ ಒಂದು ಇಂಗ್ಲಿಷ್ ವಿಶೇಷಣ. ಕನ್ನಡದ ಪದ ಯಾಕಿಲ್ಲ ಎಂದು ಯಾರೂ ಕೇಳಿದ್ದಿಲ್ಲ. ಬಿಸಿಬೇಳೆಬಾತ್ ಬಡಿಸುವಾಗ ಉಕ್ಕುತ್ತಿದ್ದ ಕನ್ನಡಾಭಿಮಾನ ಕೈ ತೊಳೆದೊಡನೆ ಇಳಿದುಬಿಡುತ್ತಿತ್ತು.

ವಿಶೇಷಣ ಆರಿಸುವ ಅಧಿಕಾರ ನಮ್ಮಪ್ಪನದು. ಅಪ್ಪ ಅಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಲೆಕ್ಚರರ್. ಗುಂಪಿನ ಡಾಕ್ಟರು, ಮೇಷ್ಟರುಗಳ ಇಂಗ್ಲಿಷ್ ಕಿವಿಗೆ ಬಿದ್ದರೆ ಸಗಣಿ ತುಳಿದವರಂತೆ ಮುಖ ಮಾಡುತ್ತಿದ್ದರು. ದೊಡ್ಡ ಪಾರ್ಟಿ ಕೊಟ್ಟವರಿಗೆ ‘ಡೈನಮಿಕ್’, ಪುಕ್ಕಟೆ ಔಷಧ ಕೊಟ್ಟ ಡಾಕ್ಟರಿಗೆ ‘ಬ್ರಿಲಿಯಂಟ್’. ಏನೂ ಕೊಡದವರಿಗೆ, ಅಂದರೆ ಹೆಚ್ಚಿನವರಿಗೆ, ‘ಥಾಟ್‌ಫುಲ್’. ಈ ಪದದ ಒಳಗುಟ್ಟು ನನಗೆ ತಿಳಿದದ್ದು, ಶಾಲೆಯ ಟೀಚರು ನನ್ನನ್ನು ‘ಥಾಟ್‌ಫುಲ್ ಬಾಯ್’ ಎಂದು ಹೊಗಳಿದ ದಿನ. ಅಮ್ಮ ಖುಷಿಯಿಂದ ಪಾಯಸಕ್ಕೆ ಹೊರಟಳು. “ಸಕ್ಕರೆ ಒಳಗಿಡೇ,” ಎಂದರು ಅಪ್ಪ. “ಈ ಪದಕ್ಕೆ ಡಿಕ್ಷನರೀಲಿ ಎರಡು ಅರ್ಥ. ಯೋಚನೇಲಿ ಮುಳುಗಿರೋನು ಅಂತ ಒಂದು. ಬೇರೆಯವರ ಕಷ್ಟಸುಖ ಯೋಚಿಸೋನು ಅಂತ ಇನ್ನೊಂದು. ಮೂರನೇದು ಮೇಷ್ಟ್ರುಗಳಿಗೆ ಮಾತ್ರ ಗೊತ್ತು: ಇವನ ಬಗ್ಗೆ ಹೇಳೋಕೆ ಏನೂ ಸಿಗ್ಲಿಲ್ಲ ಅಂತ.” ಅವರು ಹೇಳಿದ್ದು ಸುಳ್ಳಲ್ಲ. ನಾನು ತರಗತಿಯ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದದ್ದು ಯಾವ ಚಿಂತನೆಯಿಂದಲೂ ಅಲ್ಲ. ಲಂಗಾಟಾ ಕಡೆಯ ಬೇಲಿ ಹಾರಿ ಊರಂಚಿನ ವನ್ಯಮೃಗಗಳ ಪಾರ್ಕಿನ ಸಿಂಹವೇನಾದರೂ ಒಳಗೆ ಬಂದರೆ ಯಾವ ಬಾಗಿಲಿನಿಂದ ಓಡಬೇಕೆಂಬ ಚಿಂತೆಯಿಂದ. ಈಗಲೂ ಆಫೀಸಿನಲ್ಲಿ ನನಗೆ ಇದೇ ಬಿರುದು. ಅಲ್ಲಿನವರು ಹಾಗೆನ್ನುವಾಗ ನಾನು, ಮನೆಯಲ್ಲಿ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ಒದ್ದಾಡುತ್ತಿರುತ್ತೇನೆ.

ಲೋಬೋ ಅಂಕಲ್ ಮಂಗಳೂರಿನವರು, ಕಸರಾನಿ ಕಡೆಯ ಶಾಲೆಯೊಂದರಲ್ಲಿ ಲೆಕ್ಕದ ಮೇಷ್ಟರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕರಾವಳಿಯ ಕನ್ನಡ. ಕಾರಿರಲಿಲ್ಲ. ಪೇಟೆಯಲ್ಲಿ ತಟ್ಟೆ ಕೊಂಡು, ಅಪ್ಪ ಹೇಳಿದ ಪದವನ್ನು ಕೆತ್ತಿಸಿ, ಮಟಾಟು ಎಂಬ ಬಾಡಿಗೆ ವ್ಯಾನಿನ ನೂಕುನುಗ್ಗಲಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಸುತ್ತಿ ಹಿಡಿದು ನಮ್ಮ ಮನೆಗೆ ತರುತ್ತಿದ್ದರು. ಗಿಗಿರಿಯ ವಿಶ್ವಸಂಸ್ಥೆಯ ಆಫೀಸುಗಳಿಗೆ ಕಾರಿನಲ್ಲಿ ಓಡಾಡುವ ಮಹನೀಯರಾರೂ ಆ ಕೆಲಸಕ್ಕೆ ಕೈಹಾಕಿದವರಲ್ಲ. “ಎಂತ ಮಾರಾಯ್ರೆ, ಪಕ್ಕದವ ಕೋಳಿ ಹಿಡ್ಕೊಂಡಿದ್ದ. ಪ್ಲೇಟು ನಿನ್ನದು, ಕೋಳಿ ನನ್ನದು, ಊಟ ಮಾಡುವನಾ ಅಂತ ಕೇಳಿದ,” ಎಂದು ನಗುತ್ತಿದ್ದರು. ಅವರು ಗೇಟು ದಾಟುವುದೇ ತಡ ಅಪ್ಪ, “ಇವರು ಹೊರಡೋ ದಿನ ನಾನು ತಲೆ ಕೆಡಿಸ್ಕೊಳ್ಳೋ ಹಾಗೇ ಇಲ್ಲ. ಥಾಟ್‌ಫುಲ್!” ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ತಾತ್ಸಾರ ನಮ್ಮ ಮನೆಯಲ್ಲಿ ಉಪ್ಪಿನಕಾಯಿಯಂತೆ. ಅದಿಲ್ಲದೆ ಊಟ ಇಳಿಯುತ್ತಿರಲಿಲ್ಲ.

ಆದರೆ ಇಬ್ಬರಲ್ಲಿ ಹೊರಡುವ ಸರದಿ ಮೊದಲು ಬಂದದ್ದು ಅಪ್ಪನಿಗೆ. ಕಾಲೇಜಿನವರು ಅವರ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಕೆಲಸ ಹೋದದ್ದಕ್ಕಿಂತ ಅವರನ್ನು ಕೊರೆದದ್ದು, ತಮ್ಮ ತಟ್ಟೆಯ ಮೇಲೆ ಏನು ಬರುತ್ತದೆ ಎಂಬುದು. ಇಷ್ಟು ವರ್ಷ ಎಲ್ಲರ ಬೆಲೆ ಕಟ್ಟಿದವರ ಬೆಲೆ ಈಗ ಇನ್ನೊಬ್ಬರ ಕೈಲಿ. ಅದೂ ಲೋಬೋ ಅಂಕಲ್ ಕೈಲಿ, ಯಾಕೆಂದರೆ ಉಳಿದವರಿಗೆ ಪುರುಸೊತ್ತಿರಲಿಲ್ಲ. “‘ಎಮಿನೆಂಟ್’ ಅನ್ನೋದು ಎಷ್ಟು ಗಂಭೀರವಾದ ಪದ, ಅಲ್ವೇನೇ?” ಎಂದರು ಅಪ್ಪ, ಟ್ರಂಕಿಗೆ ಪುಸ್ತಕ ತುಂಬುತ್ತ. “ನೀವೇ ಹೋಗಿ ಕೆತ್ತಿಸ್ಕೊಂಡು ಬನ್ನಿ. ಬರ್ತಾ ಒಂದು ಹಾರಾನೂ ತನ್ನಿ,” ಎಂದಳು ಅಮ್ಮ.

ಬೀಳ್ಕೊಡುಗೆ ನಡೆದದ್ದು ನಮ್ಮದೇ ಹಾಲಿನಲ್ಲಿ. ಪರದೆಗಳನ್ನೂ ಕಳಚಿ ಕಟ್ಟಿಟ್ಟಿದ್ದರಿಂದ ಆಡಿದ ಮಾತೆಲ್ಲ ಗೋಡೆಗೆ ಬಡಿದು ವಾಪಸ್ಸಾಗುತ್ತಿತ್ತು. ಲೋಬೋ ಅಂಕಲ್ ಸುತ್ತಿದ್ದ ಪತ್ರಿಕೆ ಬಿಚ್ಚಿ ತಟ್ಟೆಯನ್ನು ಎತ್ತಿ ಹಿಡಿದರು. ಥಾಟ್‌ಫುಲ್. ಅಪ್ಪನ ಮುಖ ಕಪ್ಪಿಟ್ಟಿತು. “ನನಗೆ ಇವರ ಹಾಗೆ ಇಂಗ್ಲಿಷ್ ಬರುದಿಲ್ಲ. ಲೆಕ್ಕ ಬರ್ತದೆ,” ಎಂದರು ಲೋಬೋ ಅಂಕಲ್. “ಸರ್ ಬೇರೆ ಎಲ್ಲಕ್ಕಿಂತ ಹೆಚ್ಚು ಸಲ ಕೊಟ್ಟದ್ದು ಈ ಶಬ್ದ. ಹಾಗಾದ್ರೆ ಅವರಿಗೆ ಹೆಚ್ಚು ಪ್ರೀತಿಯದ್ದು ಇದೇ ಅಲ್ವಾ? ಎಲ್ಲರಿಗೂ ಹಂಚಿ, ತನಗೇ ಇಲ್ಲ ಅಂತಾದ್ರೆ ಹೇಗೆ ಮಾರಾಯ್ರೆ?” ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರಿಗೂ ಏನೂ ಹೊಳೆಯಲಿಲ್ಲ. ಹೊಳೆಯದಿರುವುದು ಆ ಗುಂಪಿನ ಹುಟ್ಟುಗುಣ. ಅಪ್ಪ ಭಾಷಣಕ್ಕೆಂದು ಎದ್ದು, ಲೋಬೋ ಅಂಕಲ್ ಕೈಯನ್ನು ಹಿಡಿದುಕೊಂಡರು. “ಅಸಾಂಟೆ,” ಎಂದರು. ಅವರು ತರಕಾರಿಯವಳಿಗೆ ದಿನವೂ ಹೇಳುತ್ತಿದ್ದ, ಆ ಊರಿನ ಥ್ಯಾಂಕ್ಸು. ಅಷ್ಟೇ ಅವರ ಭಾಷಣ.

ಮೈಸೂರಿಗೆ ಬಂದ ಮೇಲೆ ಅಪ್ಪ ಯಾರಿಗೂ ಆ ಪದ ಅಂಟಿಸಲಿಲ್ಲ. ಯಾರೂ ಇಲ್ಲದಾಗ ತಟ್ಟೆಗೆ ಪಾಲಿಶ್ ತಿಕ್ಕುತ್ತಿದ್ದರು. ಅವರು ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಕಳೆದ ವಾರ ನಾನು ಪಾಲಿಶ್ ಡಬ್ಬಿ ತೆರೆದದ್ದಕ್ಕೆ ಕಾರಣವಿತ್ತು: ಲೋಬೋ ಅಂಕಲ್ ನೈರೋಬಿಯಲ್ಲೇ ತೀರಿಕೊಂಡರೆಂದು ಅವರ ಮಗಳು ತಿಳಿಸಿದ್ದಳು. ಅವರಿಗೊಂದು ಪದ ಹುಡುಕುತ್ತ ಸಂಜೆಯೆಲ್ಲ ಕೂತೆ. ಹೊಳೆದದ್ದೆಲ್ಲ ಅಪ್ಪ ಯಾರಿಗೋ ಕೊಟ್ಟ ಎಂಜಲು. ಕೊನೆಗೆ ಫೋನಿಗೆ ಬಾಯಿಟ್ಟು ಕನ್ನಡದಲ್ಲೇ ಹೇಳಿ ಕಳಿಸಿದೆ: “ನಿಮ್ಮಪ್ಪ ಆ ಕಲ್ಲಿನ ತಟ್ಟೆಗಳನ್ನ ಮಟಾಟುನಲ್ಲಿ ತೊಡೆ ಮೇಲಿಟ್ಕೊಂಡು ತರ್ತಿದ್ರು ಕಣೇ. ಒಂದೂ ಒಡೀಲಿಲ್ಲ.” ಅಲ್ಲೇ ಬೆಳೆದವಳು, ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. “ದಟ್ಸ್ ಸೋ ಥಾಟ್‌ಫುಲ್ ಆಫ್ ಯೂ,” ಎಂದಳು.

ಕೇಳಿದ್ದರೆ ಒಬ್ಬರು ಹೊಟ್ಟೆ ಹಿಡಿದು ನಗುತ್ತಿದ್ದರು. ಇನ್ನೊಬ್ಬರು ಎಂತಾಯ್ತು ಮಾರಾಯ್ರೆ ಎಂದು, ತಿಳಿಯದೆಯೇ ಜೊತೆಗೆ ನಗುತ್ತಿದ್ದರು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕಪಾಟಿನೊಳಗಿಟ್ಟೆ. ದೀಪ ಆರಿಸಿದ ಮೇಲೆ, ಜಾರದ ಹಾಗೆ ಇಟ್ಟೆನೇ ಎಂದು ಮತ್ತೆ ಎದ್ದು ಹೋಗಿ ಮುಟ್ಟಿ ನೋಡಿದೆ.