ಆದ್ಯಾ ತಾನಾಗಿ ಕೇಳಿದ್ದು

ಅಬುಧಾಬಿಗೆ ಬಂದ ಮೊದಲ ವಾರವೇ ನನ್ನ ಮಗಳು ಸೂಪರ್ ಮಾರ್ಕೆಟ್ಟಿನಲ್ಲಿ ನೆಲಕ್ಕೆ ಬಿದ್ದು ಕಿರುಚತೊಡಗಿದಳು. ಯಾರೂ ತಿರುಗಿ ನೋಡಲಿಲ್ಲ. ಟ್ರಾಲಿಗಳು ನಮ್ಮನ್ನು ಸುತ್ತಿಕೊಂಡು ಹೋದವು. ಊರಲ್ಲಾಗಿದ್ದರೆ ಜನ ಸೇರಿ, ದೃಷ್ಟಿ ತೆಗೆಯಿರಿ, ಹರಕೆ ಹೇಳಿಕೊಳ್ಳಿ ಎನ್ನುತ್ತಿದ್ದರು. ಆ ಮಾತುಗಳಿಂದ ತಪ್ಪಿಸಿಕೊಳ್ಳಲೆಂದೇ ಗಂಡನ ಹಿಂದೆ ಬಂದವಳು ನಾನು. ಅವತ್ತು ಮಾತ್ರ ಯಾರಾದರೂ ಬಂದು ಬೈದಿದ್ದರೂ ಸಾಕಿತ್ತು ಅನ್ನಿಸಿತು.

ಆದ್ಯಾಗೆ ಆರು ವರ್ಷ. ಆಟಿಸಂ ಇದೆ, ಮಾತಿಲ್ಲ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ವಿಲ್ಲಾವೊಂದನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟ ಎರಡು ಕೋಣೆ ನಮ್ಮದು. ಅಲ್ಲಿಂದ ಖಲೀಫಾ ಸಿಟಿಯ ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದೆವು. ಅಲ್ಲಿನ ಪ್ರೆಸಿಲ್ಲಾ ಟೀಚರ್ ನಮ್ಮ ಮಂಗಳೂರಿನ ಕಡೆಯವರೇ. ಬೇಕಾದ್ದನ್ನು ಚಿತ್ರದ ಕಾರ್ಡು ಕೊಟ್ಟು ಕೇಳುವುದನ್ನು ಅವರು ಆದ್ಯಾಗೆ ಕಲಿಸುತ್ತಿದ್ದರು. ನಾನು ಎದುರಿಗೆ ಬಿಸ್ಕತ್ತು ಹಿಡಿದು ಕೂರಬೇಕು. ಟೀಚರ್ ಹಿಂದಿನಿಂದ ಅವಳ ಕೈ ಹಿಡಿದು ಕಾರ್ಡನ್ನು ನನಗೆ ಕೊಡಿಸಬೇಕು. ಅವರು ಕೈ ಬಿಟ್ಟರೆ ಕಾರ್ಡು ನೆಲಕ್ಕೆ. ಊರಲ್ಲಿ ಅವಳು ಡಬ್ಬಿಯ ಕಡೆ ನೋಡುವ ಮೊದಲೇ ನನ್ನ ಅಮ್ಮ ಬಿಸ್ಕತ್ತು ತಂದುಕೊಡುತ್ತಿದ್ದರು. ಇಲ್ಲಿ ಅತ್ತರೂ ಕಾಯಿಸಬೇಕಿತ್ತು. ತಿಂಗಳುಗಟ್ಟಲೆ ಕಾರ್ಡು ಬೀಳುತ್ತಲೇ ಇತ್ತು. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಕೇಂದ್ರದಲ್ಲಿ ಒಬ್ಬ ಎಮಿರಾಟಿ ತಾಯಿ ನನ್ನ ಪಕ್ಕ ಕೂರುತ್ತಿದ್ದರು. ಅವರ ಮಗನಿಗೂ ಮಾತಿರಲಿಲ್ಲ. ನನ್ನ ಮುಖ ನೋಡಿ "ಶ್ವಯ್ ಶ್ವಯ್" ಎನ್ನುತ್ತಿದ್ದರು. ನಿಧಾನ, ನಿಧಾನ ಎಂದರ್ಥ. ಒಂದು ದಿನ ಹಾಗೆನ್ನುತ್ತಲೇ ಅವರೇ ಅತ್ತುಬಿಟ್ಟರು. ಅವರನ್ನು ಸಮಾಧಾನ ಮಾಡಲು ನನಗೆ ಬೇರೆ ಅರಬಿ ಬರುತ್ತಿರಲಿಲ್ಲ.

ಬೇಸಿಗೆ ರಜೆಗೆ ಊರಿಗೆ, ಕಾಪುವಿನ ಅಮ್ಮನ ಮನೆಗೆ ಹೋದೆವು. ಅಣ್ಣಂದಿರು, ಅವರ ಮಕ್ಕಳು, ಮನೆ ತುಂಬ ಜನ. ಆದ್ಯಾ ಕಿವಿ ಮುಚ್ಚಿಕೊಂಡು ಮಂಚದಡಿ ಸೇರಿದಳು. ಸಂಜೆ ಹೊರಗೆ ಬಂದವಳು ತನ್ನ ಚೀಲ ತಡಕಾಡಿ, ಒಂದು ಕಾರ್ಡು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಹಿಂದಿನಿಂದ ಯಾರೂ ಅವಳ ಕೈ ಹಿಡಿದಿರಲಿಲ್ಲ.

ಮನೆ ಎಂದು ಹೇಳಿಕೊಡಲು ಟೀಚರ್ ಮಾಡಿದ ಕಾರ್ಡು ಅದು. ಅದರಲ್ಲಿದ್ದದ್ದು ನಮ್ಮ ಅಬುಧಾಬಿಯ ಮನೆಬಾಗಿಲಿನ ಫೋಟೋ.

"ಎಂತ ಕೇಳುದು ಅವಳು?" ಅಮ್ಮ ಕೇಳಿದರು.

"ಮನೆಗೆ ಹೋಗ್ಬೇಕಂತೆ."

"ಇದು ಮನೆ ಅಲ್ವಾ ಮಗಾ?"

ಅವಳಾಗಿ ಕೇಳಿದ ದಿನ ತಡಮಾಡದೆ ಕೊಟ್ಟುಬಿಡಿ, ಇಲ್ಲದಿದ್ದರೆ ಕೇಳುವುದನ್ನೇ ಬಿಡುತ್ತಾಳೆ ಎಂದು ಟೀಚರ್ ಹೇಳಿದ್ದರು. ನಾವು ಹೊರಡಲು ಇನ್ನೂ ಮೂರು ವಾರವಿತ್ತು. ಆದ್ಯಾ ಕಾರ್ಡು ಹಿಡಿದ ನನ್ನ ಕೈಯನ್ನೇ ನೋಡುತ್ತ ನಿಂತಿದ್ದಳು.